ದೋಸೆ ಹಿಟ್ಟಿನ ಬ್ಯಾಕ್ಟೀರಿಯಾ ರಕ್ತಕ್ಕೆ ಹೇಗೆ ಬಂತು ಸಿಸ್ಟರ್? ಐಸಿಯು ಬಾಗಿಲಲ್ಲಿ ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಕೋಲಾರದಲ್ಲಿ ಐಸಿಯು ನರ್ಸ್. ಹನ್ನೆರಡು ವರ್ಷ ಆಯಿತು. ಮುಳಬಾಗಿಲು, ಶ್ರೀನಿವಾಸಪುರ, ಬಂಗಾರಪೇಟೆ, ಚಿಂತಾಮಣಿ ಕಡೆಯಿಂದ ಬಂದು ಬಾಗಿಲ ಹೊರಗೆ ಚಾಪೆ ಹಾಸಿಕೊಂಡು ಮಲಗುವ ರೋಗಿಯ ಮನೆಯವರು, ನಮ್ಮ ಮಾತಲ್ಲಿ ಅಟೆಂಡರ್‌ಗಳು ನನ್ನನ್ನು ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಇವೇ. ಡಾಕ್ಟರು ಎರಡು ನಿಮಿಷದಲ್ಲಿ ಹೇಳಿ ಹೋಗುತ್ತಾರೆ. ಅರ್ಥವಾಗದ ಉಳಿದದ್ದೆಲ್ಲ ನಮ್ಮ ಪಾಲಿಗೆ ಬರುತ್ತದೆ. ಪ್ರತಿ ಸಲ ಹೇಳಿ ಗಂಟಲು ನೋವು ಬಂದಿದೆ, ಅದಕ್ಕೇ ಬರೆದಿಟ್ಟೆ.

ರಕ್ತದಲ್ಲಿ ಇನ್ಫೆಕ್ಷನ್ ಅಂದರೆ ರಕ್ತ ಕೆಟ್ಟುಹೋಯಿತು ಅಂತಾನಾ?

ಇಲ್ಲ. ರಕ್ತದಲ್ಲಿ ಬ್ಯಾಕ್ಟೀರಿಯಾ ಸೇರಿಕೊಂಡು ಓಡಾಡುತ್ತಿವೆ ಅಂತ ಅಷ್ಟೇ. ನಿಮಗೆ ಆಶ್ಚರ್ಯ ಆಗಬಹುದು, ಬೆಳಗ್ಗೆ ಹಲ್ಲುಜ್ಜುವಾಗ ನಿಮ್ಮ ರಕ್ತಕ್ಕೂ ಒಂದಿಷ್ಟು ಬಾಯಿಯ ಬ್ಯಾಕ್ಟೀರಿಯಾ ಹೋಗಿರಬಹುದು. ಲಿವರ್, ಗುಲ್ಮ, ಬಿಳಿ ರಕ್ತಕಣ ಸೇರಿ ಸ್ವಲ್ಪ ಹೊತ್ತಿನಲ್ಲೇ ಅವನ್ನು ಹಿಡಿದು ಮುಗಿಸುತ್ತವೆ. ನಿಮಗೆ ಗೊತ್ತೇ ಆಗುವುದಿಲ್ಲ. ಮುಗಿಸಲು ಆಗದೆ ಅವು ಅಲ್ಲೇ ಬೆಳೆಯತೊಡಗಿದರೆ ಚಳಿಜ್ವರ ಬರುತ್ತದೆ, ಬಿಪಿ ಇಳಿಯುತ್ತದೆ. ಆ ಗಲಾಟೆಗೆ ಕಿಡ್ನಿ, ಶ್ವಾಸಕೋಶ, ಮಿದುಳು ಪೆಟ್ಟು ತಿನ್ನತೊಡಗಿದರೆ ಅದನ್ನು ಸೆಪ್ಸಿಸ್ ಅನ್ನುತ್ತಾರೆ. ನಮ್ಮ ಕಡೆ ಹಳಬರು ನಂಜು ಏರಿತು ಅನ್ನುತ್ತಾರಲ್ಲ, ಅದು ಇದಕ್ಕೆ ಹತ್ತಿರದ ಮಾತು.

ಯಾರಿಗೂ ಏನೂ ಮಾಡದ ಬ್ಯಾಕ್ಟೀರಿಯಾ ಅಂತ ಡಾಕ್ಟರೇ ಹೇಳಿದರು. ಮತ್ತೆ ನಮ್ಮ ಅಪ್ಪನಿಗೆ ಹೇಗೆ ಮಾಡಿತು?

ನಮ್ಮ ಜಿಲ್ಲೆಯವರಿಗೆ ಕೆರೆ ಲೆಕ್ಕದಲ್ಲಿ ಹೇಳಿದರೆ ಬೇಗ ಅರ್ಥವಾಗುತ್ತದೆ. ಕೆರೆ ತುಂಬ ನೀರಿದ್ದರೆ ಖುಷಿ ತಾನೆ? ಕೆರೆಯ ಏರಿ ಬಿರುಕು ಬಿಟ್ಟು ಅದೇ ನೀರು ಊರೊಳಗೆ ನುಗ್ಗಿದರೆ? ನೀರು ಅದೇ, ಏರಿ ಕೈಕೊಟ್ಟಿತು ಅಷ್ಟೇ. ಚರ್ಮ, ಬಾಯಿಯ ಒಳಪದರ, ಕರುಳಿನ ಗೋಡೆ ಇವು ನಮ್ಮ ಏರಿಗಳು. ಚರ್ಮದ ಮೇಲೆ, ಕರುಳಿನ ಒಳಗೆ ಕೋಟಿಗಟ್ಟಲೆ ಬ್ಯಾಕ್ಟೀರಿಯಾ ಆರಾಮಾಗಿ ಇರುತ್ತವೆ. ಊಟ ಜೀರ್ಣ ಮಾಡಲು ನೆರವಾಗುತ್ತವೆ, ಬೇರೆ ಕೆಟ್ಟವಕ್ಕೆ ಜಾಗ ಬಿಡುವುದಿಲ್ಲ.

ಐಸಿಯುನಲ್ಲಿ ಮಲಗಿದವರಿಗೆ ಏರಿ ಮೂರ್ನಾಲ್ಕು ಕಡೆ ಒಟ್ಟಿಗೇ ಒಡೆದಿರುತ್ತದೆ. ಕುತ್ತಿಗೆಯಲ್ಲಿ ಒಂದು ಪೈಪು, ಮೂತ್ರಕ್ಕೆ ಒಂದು, ಗಂಟಲಿನಲ್ಲಿ ವೆಂಟಿಲೇಟರ್ ಟ್ಯೂಬು. ಬಿಪಿ ಬಿದ್ದಾಗ ಕರುಳಿಗೆ ರಕ್ತ ಸಾಲದೆ ಅದರ ಗೋಡೆ ಸೋರತೊಡಗುತ್ತದೆ. ಕ್ಯಾನ್ಸರಿಗೆ ಕೀಮೋ ತೆಗೆದುಕೊಂಡವರಿಗೆ ಬಾಯಿಯಿಂದ ಕರುಳಿನವರೆಗೂ ಒಳಪದರ ಸುಲಿದಂತಾಗಿರುತ್ತದೆ. ಇದರ ಮೇಲೆ ಕಾವಲುಗಾರರೂ ರಜೆ. ಬಿಳಿ ರಕ್ತಕಣಗಳಲ್ಲಿ ನ್ಯೂಟ್ರೋಫಿಲ್ ಅಂತ ಒಂದು ಜಾತಿ ಇದೆ, ಸಾಮಾನ್ಯವಾಗಿ ಒಂದು ಮೈಕ್ರೋಲೀಟರ್ ರಕ್ತದಲ್ಲಿ 1500ಕ್ಕಿಂತ ಜಾಸ್ತಿ ಇರಬೇಕು. ಕೀಮೋ ಆದವರಲ್ಲಿ 500ಕ್ಕಿಂತ ಕೆಳಗೆ ಇಳಿದುಬಿಡುತ್ತದೆ. ಆಗ ಎಂಥ ಸಾಧು ಬ್ಯಾಕ್ಟೀರಿಯಾ ಬಂದರೂ ಅದನ್ನು ತಡೆಯುವವರಿಲ್ಲ.

ಅಂಥ ಸಾಧು ಬ್ಯಾಕ್ಟೀರಿಯಾಗಳು ಯಾವುವು?

ಚರ್ಮದ್ದು ಮೊದಲು. ಸ್ಟ್ಯಾಫಿಲೋಕಾಕಸ್ ಎಪಿಡರ್ಮಿಡಿಸ್, ಮತ್ತೆ ಅದರ ಬಳಗ. ರಿಪೋರ್ಟಿನಲ್ಲಿ ಕೋಯಾಗುಲೇಸ್ ನೆಗೆಟಿವ್ ಸ್ಟ್ಯಾಫ್, ಇಲ್ಲಾ ಚುಟುಕಾಗಿ ಕಾನ್ಸ್ ಅಂತ ಬರೆದಿರುತ್ತದೆ. ನನ್ನ ಕೈಮೇಲೂ ಇದೆ, ನಿಮ್ಮ ಕೈಮೇಲೂ ಇದೆ. ಬಾಯಿಯಿಂದ ಬರುವುದು ವಿರಿಡಾನ್ಸ್ ಸ್ಟ್ರೆಪ್ಟೋಕಾಕಸ್. ಕರುಳಿನಿಂದ ಇ ಕೋಲೈ, ಎಂಟೆರೋಕಾಕಸ್. ಇದರಲ್ಲೊಂದು ವಿಚಿತ್ರ ಇದೆ. ಸ್ಟ್ರೆಪ್ಟೋಕಾಕಸ್ ಗ್ಯಾಲೊಲಿಟಿಕಸ್ ಅನ್ನೋ ಕರುಳಿನ ಬ್ಯಾಕ್ಟೀರಿಯಾ ರಕ್ತದಲ್ಲಿ ಸಿಕ್ಕಿದರೆ ಡಾಕ್ಟರು ದೊಡ್ಡ ಕರುಳಿಗೆ ಕ್ಯಾಮೆರಾ ಹಾಕಿ ನೋಡಬೇಕು ಅನ್ನುತ್ತಾರೆ, ಯಾಕೆಂದರೆ ಅಲ್ಲಿ ಗಡ್ಡೆ ಇದ್ದರೆ ಅದೇ ಸಂದಿನಿಂದ ಇದು ಒಳಗೆ ನುಸುಳಿರಬಹುದು. ಜ್ವರಕ್ಕೆ ಬಂದವರಿಗೆ ಕೊಲೊನೋಸ್ಕೋಪಿ ಯಾಕೆ ಅಂತ ಜಗಳ ಆಡಬೇಡಿ.

ಆಮೇಲೆ ನೀರು, ಮಣ್ಣು, ಗಿಡದ ಕಡೆಯವು. ಟೊಮೇಟೊ ಬೆಳೆಯುವವರಿಗೆ ಸೊರಗು ರೋಗ ಗೊತ್ತೇ ಇರುತ್ತದೆ. ಹಸಿರಾಗಿದ್ದ ಗಿಡ ಇದ್ದಕ್ಕಿದ್ದಂತೆ ಬಾಡಿ ನಿಲ್ಲುತ್ತದೆ, ಕಾಂಡ ಕತ್ತರಿಸಿ ನೀರಿನ ಲೋಟದಲ್ಲಿ ಹಿಡಿದರೆ ಹಾಲಿನಂಥ ಎಳೆ ಇಳಿಯುತ್ತದೆ. ಅದನ್ನು ಮಾಡುವುದು ರಾಲ್ಸ್ಟೋನಿಯಾ ಅನ್ನೋ ಬ್ಯಾಕ್ಟೀರಿಯಾ. ಅದರ ದಾಯಾದಿಗಳು ಕೆಲವು ನೀರಿನಲ್ಲಿ ಇರುತ್ತವೆ. ಶುದ್ಧ ಮಾಡಿದ ನೀರಿನಲ್ಲೂ ಬದುಕುವಷ್ಟು ಗಟ್ಟಿ. ಸಲೈನ್ ಕಲುಷಿತವಾದರೆ ಐಸಿಯುನಲ್ಲಿ ನಾಲ್ಕೈದು ಜನಕ್ಕೆ ಒಟ್ಟಿಗೇ ಜ್ವರ ಬರಿಸುತ್ತವೆ. ಗುಲಾಬಿ ಈರುಳ್ಳಿ ಬೆಳೆಯುವ ಚಿಕ್ಕಬಳ್ಳಾಪುರದವರು ಬೇಜಾರು ಮಾಡಿಕೊಳ್ಳಬಾರದು, ಬರ್ಖೋಲ್ಡೇರಿಯಾ ಸೆಪೇಸಿಯಾ ಅನ್ನುವುದನ್ನು 1950ರಲ್ಲಿ ಮೊದಲು ಗುರುತಿಸಿದ್ದೇ ಈರುಳ್ಳಿ ಕೊಳೆಸುವ ಬ್ಯಾಕ್ಟೀರಿಯಾ ಅಂತ. ಅಮೆರಿಕದ ವಾಲ್ಟರ್ ಬರ್ಖೋಲ್ಡರ್ ಅನ್ನುವವರು. ಅದು ಕೆಲವು ಆಂಟಿಸೆಪ್ಟಿಕ್ ದ್ರಾವಣದ ಒಳಗೇ ಬದುಕಿಕೊಂಡಿರುತ್ತದೆ, ಅಂದರೆ ಕಳ್ಳ ಪೊಲೀಸ್ ಠಾಣೆಯಲ್ಲೇ ಬಾಡಿಗೆಗೆ ಇದ್ದ ಹಾಗೆ. ಟೊಮೇಟೊ ಸೊರಗು ರೋಗದ್ದು ಮನುಷ್ಯರ ತಂಟೆಗೆ ಬರುವುದಿಲ್ಲ, ಹೊಲದಲ್ಲಿ ಕೆಲಸ ಮಾಡಿದ್ದಕ್ಕೇ ಹೀಗಾಯಿತು ಅಂತ ಅಂದುಕೊಳ್ಳಬೇಡಿ.

ದೋಸೆ ಹಿಟ್ಟಿನ ವಿಷಯ ಏನು?

ಮುಳಬಾಗಿಲು ಕಡೆಯ ಯಜಮಾನರೊಬ್ಬರು, ಹೋಟೆಲಿನವರು. ಹೆಂಡತಿಗೆ ಪ್ಯಾಂಕ್ರಿಯಾಸ್ ಊದಿಕೊಂಡು ವಾರಗಟ್ಟಲೆ ನಮ್ಮಲ್ಲಿದ್ದರು. ಹೊಟ್ಟೆಗೆ ಏನೂ ಕೊಡುವ ಹಾಗಿರಲಿಲ್ಲ, ಪೌಷ್ಟಿಕಾಂಶವೆಲ್ಲ ಕುತ್ತಿಗೆಯ ಪೈಪಿನಿಂದ, ಅಂದರೆ ನಾವು ಲೈನ್ ಅನ್ನುವುದರಿಂದ, ನೇರ ರಕ್ತಕ್ಕೆ ಹೋಗುತ್ತಿತ್ತು. ಜ್ವರ ಬಂತು. ವ್ಯಾಂಕೋಮೈಸಿನ್ ಅನ್ನೋ ಆಂಟಿಬಯಾಟಿಕ್ ಹಾಕಿದರೂ ಇಳಿಯಲಿಲ್ಲ. ರಕ್ತವನ್ನು ಬಾಟಲಿಯಲ್ಲಿಟ್ಟು ಏನು ಬೆಳೆಯುತ್ತದೆ ಅಂತ ನೋಡುವ ಕಲ್ಚರ್ ಪರೀಕ್ಷೆಯಲ್ಲಿ ಲ್ಯೂಕೊನಾಸ್ಟಾಕ್ ಅನ್ನೋ ಬ್ಯಾಕ್ಟೀರಿಯಾ ಬೆಳೆಯಿತು. ಯಾರೋ ಚಿಕ್ಕ ಹುಡುಗ ಡಾಕ್ಟರು ಸುಮ್ನೆ ಇರಲಾರದೆ ‘ಇದು ಇಡ್ಲಿ, ದೋಸೆ ಹಿಟ್ಟು ಹುಳಿ ಬರಿಸೋ ಬ್ಯಾಕ್ಟೀರಿಯಾ’ ಅಂದುಬಿಟ್ಟರು. ಆ ಯಜಮಾನರು ಎರಡು ದಿನ ಒಳಗೇ ಬರಲಿಲ್ಲ. ‘ನನ್ನ ಕೈಯಿಂದಲೇ ಅಂಟಿತಾ ಸಿಸ್ಟರ್’ ಅಂತ ಮೆಟ್ಟಿಲ ಮೇಲೆ ಕೂತು ಅಳುತ್ತಿದ್ದರು.

ಡಾಕ್ಟರು ಹೇಳಿದ್ದು ನಿಜ. ಉದ್ದು, ಅಕ್ಕಿ ರುಬ್ಬಿಟ್ಟರೆ ರಾತ್ರಿ ಬೆಳಗಾಗುವುದರಲ್ಲಿ ಹಿಟ್ಟು ಉಬ್ಬುವುದು ಲ್ಯೂಕೊನಾಸ್ಟಾಕ್ ದಯೆಯಿಂದ. ಆದರೆ ಅದು ತರಕಾರಿ, ಹಾಲು, ಸೊಪ್ಪು ಹೀಗೆ ಎಲ್ಲೆಂದರಲ್ಲಿ ಇರುತ್ತದೆ. ಇವರ ಕೈಯಿಂದಲೇ ಬಂತು ಅನ್ನುವುದಕ್ಕೆ ಏನೂ ಆಧಾರವಿರಲಿಲ್ಲ. ಮುಖ್ಯವಾದದ್ದು ಬೇರೆ. ಈ ಬ್ಯಾಕ್ಟೀರಿಯಾಗೆ ವ್ಯಾಂಕೋಮೈಸಿನ್ ಹುಟ್ಟಿನಿಂದಲೇ ನಾಟುವುದಿಲ್ಲ. ದುಬಾರಿ, ದೊಡ್ಡ ಔಷಧಿ ಸೋತ ಕಡೆ ಹಳೇ ಪೆನಿಸಿಲಿನ್ ಜಾತಿಯ ಆಂಪಿಸಿಲಿನ್ ಕೆಲಸ ಮಾಡಿತು. ಲೈನ್ ತೆಗೆದರು, ಔಷಧಿ ಬದಲಾಯಿಸಿದರು, ಮೂರನೇ ದಿನ ಜ್ವರ ನಿಂತಿತು. ಆಯಮ್ಮ ಈಗ ಚೆನ್ನಾಗಿದ್ದಾರೆ. ಹೋಟೆಲೂ ನಡೆಯುತ್ತಿದೆ.

ಹಾಗಾದರೆ ದೋಸೆ, ಮೊಸರು ಬಿಡಬೇಕಾ?

ಬೇಡ. ಹೆಂಚಿನ ಮೇಲೆ, ಇಡ್ಲಿ ಪಾತ್ರೆಯಲ್ಲಿ ಅವೆಲ್ಲ ಸತ್ತುಹೋಗುತ್ತವೆ. ಬಿಸಿಬಿಸಿ ತಿನ್ನಿ. ಮೊಸರಿನಲ್ಲಿ ಜೀವಂತ ಬ್ಯಾಕ್ಟೀರಿಯಾ ಇರುತ್ತವೆ ನಿಜ, ಆರೋಗ್ಯವಂತರಿಗೆ ಅದು ಒಳ್ಳೇದೇ. ಆದರೆ ಕೀಮೋ ಆಗಿ ಕಣ ಇಳಿದಿರುವವರಿಗೆ, ಐಸಿಯುನಲ್ಲಿರುವವರಿಗೆ ಮನೆಯಿಂದ ಮೊಸರನ್ನ ತಂದು ನೀವೇ ತಿನ್ನಿಸಬೇಡಿ. ಮೊದಲು ಕೇಳಿ.

ಕುತ್ತಿಗೆಯಲ್ಲಿ ಹಾಕಿರುವ ಆ ಲೈನ್ ಏನು? ಅದರಿಂದಲೇ ಇನ್ಫೆಕ್ಷನ್ ಅಂತಾರೆ.

ಅದು ಸೆಂಟ್ರಲ್ ಲೈನ್. ಕೈಗೆ ಹಾಕುವ ಸಾಮಾನ್ಯ ಡ್ರಿಪ್ ಸೂಜಿ ಚಿಕ್ಕ ನರಕ್ಕೆ ಹೋಗುತ್ತದೆ. ಇದು ಹೃದಯದ ಹತ್ತಿರದ ದೊಡ್ಡ ರಕ್ತನಾಳದವರೆಗೆ ಹೋಗುತ್ತದೆ. ಬಿಪಿ ಏರಿಸುವ ಔಷಧಿಯನ್ನು ಚಿಕ್ಕ ನರದಲ್ಲಿ ಜಾಸ್ತಿ ಹೊತ್ತು ಕೊಟ್ಟರೆ ಅದು ಹೊರಗೆ ಸೋರಿ ಸುತ್ತಲಿನ ಮಾಂಸ ಸುಡುವ ಭಯ ಇರುತ್ತದೆ, ಅದಕ್ಕೆ ಇದು ಬೇಕು. ಜೀವ ಉಳಿಸುವುದೂ ಇದೇ, ತೊಂದರೆ ತರುವುದೂ ಇದೇ.

ಲೈನಿನ ಪ್ಲಾಸ್ಟಿಕ್ ಮೇಲೆ ಚರ್ಮದ ಬ್ಯಾಕ್ಟೀರಿಯಾ ಹತ್ತಿ ಕೂತು ಲೋಳೆಯಂಥ ಪದರ ಕಟ್ಟಿಕೊಳ್ಳುತ್ತವೆ. ಬಯೋಫಿಲ್ಮ್ ಅನ್ನುತ್ತಾರೆ. ಬಾವಿ ಮೆಟ್ಟಿಲ ಮೇಲೆ ಪಾಚಿ ಕಟ್ಟಿದ ಹಾಗೆ ಅಂದುಕೊಳ್ಳಿ, ಬರೀ ನೀರು ಸುರಿದರೆ ಹೋಗುತ್ತದಾ? ಕೆರೆದು ತೆಗೆಯಬೇಕು. ಆ ಲೋಳೆಯ ಒಳಗೆ ಕೂತವಕ್ಕೆ ಆಂಟಿಬಯಾಟಿಕ್ ಸರಿಯಾಗಿ ತಲುಪುವುದಿಲ್ಲ, ತಲುಪಿದರೂ ಅವು ಅರೆನಿದ್ದೆಯಲ್ಲಿದ್ದು ಬಗ್ಗುವುದಿಲ್ಲ. ಅದಕ್ಕೇ ಎಷ್ಟೋ ಸಲ ಔಷಧಿಗಿಂತ ಲೈನ್ ತೆಗೆಯುವುದೇ ದೊಡ್ಡ ಚಿಕಿತ್ಸೆ. ‘ಮೊನ್ನೆ ತಾನೆ ಹಾಕಿ ದುಡ್ಡು ತಗೊಂಡ್ರಿ, ಈಗ ತೆಗೀತೀರಾ’ ಅಂತ ಬೈದವರಿದ್ದಾರೆ. ಇನ್ಫೆಕ್ಷನ್ ಲೈನಿನಲ್ಲೇ ಇದೆಯಾ ಅಂತ ತಿಳಿಯಲು ಒಂದು ಉಪಾಯ ಇದೆ. ಲೈನಿನಿಂದಲೂ ಕೈಯಿಂದಲೂ ಒಂದೇ ಹೊತ್ತಿಗೆ ರಕ್ತ ತೆಗೆದು ಕಳಿಸುತ್ತಾರೆ. ಲೈನಿನ ಬಾಟಲಿಯಲ್ಲಿ ಎರಡು ಗಂಟೆ ಅಥವಾ ಅದಕ್ಕಿಂತ ಮೊದಲೇ ಬೆಳೆದರೆ ಕಳ್ಳ ಲೈನಿನಲ್ಲಿದ್ದಾನೆ ಅಂತ ಲೆಕ್ಕ.

ಆಸ್ಪತ್ರೆಗೆ ಬಂದ ಮೇಲೆ ಬಂದದ್ದು ಅಂದರೆ ಆಸ್ಪತ್ರೆಯವರದೇ ತಪ್ಪಲ್ವಾ?

ಕೆಲವೊಮ್ಮೆ ಹೌದು. ನಮ್ಮವರು ಬೈದರೂ ಸರಿ, ಇದನ್ನು ಹೇಳಿಯೇ ಹೇಳುತ್ತೇನೆ.

ಕೆಲಸಕ್ಕೆ ಸೇರಿದ ಹೊಸದು, ಬೇರೆ ಒಂದು ಆಸ್ಪತ್ರೆ. ರಾತ್ರಿ ಪಾಳಿ, ಎಂಟು ಹಾಸಿಗೆಗೆ ನಾವಿಬ್ಬರೇ. ಲೈನಿಗೆ ಇಂಜೆಕ್ಷನ್ ಕೊಡುವ ಮೊದಲು ಅದರ ಬಾಯನ್ನು ಸ್ಪಿರಿಟ್ ಹತ್ತಿಯಿಂದ ಹದಿನೈದು ಸೆಕೆಂಡಾದರೂ ಉಜ್ಜಿ ಒಣಗಲು ಬಿಡಬೇಕು. ನಾನು ಒಂದು ಸಲ ಸವರಿ ಹಾಗೇ ಚುಚ್ಚುತ್ತಿದ್ದೆ. ಎಲ್ಲರೂ ಹಾಗೇ ಮಾಡುತ್ತಿದ್ದರು. ಒಬ್ಬ ತಾತನಿಗೆ ಐದನೇ ದಿನ ಚಳಿ ಹತ್ತಿ ಮಂಚವೇ ಅಲ್ಲಾಡಿತು. ಎರಡೂ ಬಾಟಲಿಯಲ್ಲಿ ಎಪಿಡರ್ಮಿಡಿಸ್. ತಾತ ಉಳಿದರು. ನನ್ನಿಂದಲೇ ಅಂತ ಯಾರೂ ಹೇಳಲಿಲ್ಲ, ಹೇಳಲು ಆಗುವುದೂ ಇಲ್ಲ. ಆದರೆ ಅವತ್ತಿನಿಂದ ನಾನು ಉಜ್ಜುವಾಗ ಮನಸ್ಸಿನಲ್ಲೇ ಒಂದರಿಂದ ಹದಿನೈದು ಎಣಿಸುತ್ತೇನೆ. ಈಗಲೂ.

ಇದನ್ನು ಕಡಿಮೆ ಮಾಡಬಹುದು ಅನ್ನುವುದಕ್ಕೆ ಸಾಕ್ಷಿ ಇದೆ. ಅಮೆರಿಕದ ಮಿಶಿಗನ್ ರಾಜ್ಯದಲ್ಲಿ ನೂರಕ್ಕೂ ಹೆಚ್ಚು ಐಸಿಯುಗಳು ಸೇರಿ ಐದು ಸರಳ ಕೆಲಸ ಹಿಡಿದವು. ಕೈ ತೊಳೆಯುವುದು, ಲೈನ್ ಹಾಕುವಾಗ ಮೈತುಂಬ ಸ್ಟೆರೈಲ್ ಬಟ್ಟೆ ಹೊದಿಸುವುದು, ಕ್ಲೋರ್‌ಹೆಕ್ಸಿಡಿನ್ ಅನ್ನೋ ಆಂಟಿಸೆಪ್ಟಿಕ್ ದ್ರಾವಣದಿಂದ ಚರ್ಮ ಒರೆಸುವುದು, ಆದಷ್ಟು ತೊಡೆಸಂದಿಗೆ ಲೈನ್ ಹಾಕದಿರುವುದು, ಬೇಡವಾದ ಲೈನನ್ನು ತಕ್ಷಣ ತೆಗೆಯುವುದು. 2006ರಲ್ಲಿ ಫಲಿತಾಂಶ ಬಂತು, ಲೈನ್ ಇನ್ಫೆಕ್ಷನ್ ಮೂರರಲ್ಲಿ ಎರಡು ಪಾಲು ಇಳಿದಿತ್ತು. ಹೊಸ ಮಿಷನ್ನು, ಹೊಸ ಔಷಧಿ ಏನೂ ಇಲ್ಲ. ಹಾಗಂತ ಎಲ್ಲವನ್ನೂ ಆಸ್ಪತ್ರೆಯ ತಲೆಗೆ ಕಟ್ಟುವುದೂ ಸರಿಯಲ್ಲ. ಕರುಳಿನಿಂದ ಸೋರಿ ಬರುವುದನ್ನು ನಾವು ನೂರು ಸಲ ಕೈ ತೊಳೆದರೂ ತಡೆಯಲಾಗುವುದಿಲ್ಲ.

ಕಲ್ಚರ್‌ಗೆ ಅಷ್ಟೊಂದು ರಕ್ತ ಯಾಕೆ? ಮೊದಲೇ ರಕ್ತ ಇಲ್ಲ ಅಂತೀರ.

ದೊಡ್ಡವರಿಗೆ ಒಂದು ಬಾಟಲಿಗೆ 8ರಿಂದ 10 ಮಿಲಿಲೀಟರ್ ಬೇಕು. ಎರಡು ಬಾಟಲಿ ಒಂದು ಸೆಟ್, ಹಾಗೆ ಎರಡು ಸೆಟ್. ಎಲ್ಲ ಸೇರಿ ಹೆಚ್ಚೆಂದರೆ 40 ಮಿಲಿಲೀಟರ್, ಅಂದರೆ ಎಂಟು ಟೀ ಚಮಚ. ರಕ್ತದಾನ ಶಿಬಿರದಲ್ಲಿ 350 ತೆಗೆಯುತ್ತಾರೆ. ದೊಡ್ಡವರ ರಕ್ತದಲ್ಲಿ ಬ್ಯಾಕ್ಟೀರಿಯಾ ಎಷ್ಟು ವಿರಳ ಅಂದರೆ ಒಂದು ಮಿಲಿಲೀಟರ್‌ನಲ್ಲಿ ಒಂದೂ ಸಿಗದೆ ಇರಬಹುದು, ಆದ್ದರಿಂದ ಸ್ವಲ್ಪ ತೆಗೆದರೆ ಬಲೆಗೆ ಮೀನೇ ಬೀಳುವುದಿಲ್ಲ. ಮಕ್ಕಳಿಗೆ ತೂಕ ನೋಡಿ ಕಡಿಮೆ ತೆಗೆಯುತ್ತಾರೆ.

ಎರಡೂ ಕೈಗೆ ಯಾಕೆ ಚುಚ್ಚುತ್ತಾರೆ?

ನನ್ನ ಪ್ರಕಾರ ಅಟೆಂಡರ್‌ಗಳು ತಿಳಿಯಲೇಬೇಕಾದ ಪ್ರಶ್ನೆ ಇದು. ಸೂಜಿ ಚರ್ಮ ದಾಟಿ ಹೋಗುವಾಗ ಚರ್ಮದ ಬ್ಯಾಕ್ಟೀರಿಯಾ ಒಂದೆರಡು ಬಾಟಲಿಗೆ ಬಿದ್ದರೂ ಸಾಕು, ಬೆಚ್ಚಗಿನ ಬಾಟಲಿಯಲ್ಲಿ ಅವು ಬೆಳೆದು ‘ಪಾಸಿಟಿವ್’ ಅಂತ ಬರುತ್ತದೆ. ರೋಗಿಯ ರಕ್ತದಲ್ಲಿ ಏನೂ ಇರುವುದಿಲ್ಲ. ಇದನ್ನು ಕಂಟಾಮಿನೇಶನ್ ಅನ್ನುತ್ತಾರೆ.

ಎಪಿಡರ್ಮಿಡಿಸ್ ಥರದವು ಬಂದಾಗ ಇದೇ ದೊಡ್ಡ ತಲೆನೋವು. ನಿಜವಾಗಿ ರಕ್ತದಲ್ಲಿದೆಯಾ, ಚರ್ಮದಿಂದ ಬಿತ್ತಾ? ಎರಡು ಬೇರೆ ಬೇರೆ ಕಡೆಯಿಂದ ತೆಗೆದ ರಕ್ತದಲ್ಲೂ ಅದೇ ಬಂದರೆ ನಂಬಬೇಕು. ನಾಲ್ಕು ಬಾಟಲಿಯಲ್ಲಿ ಒಂದರಲ್ಲಿ ಮಾತ್ರ, ಅದೂ ಎರಡು ದಿನ ಕಳೆದ ಮೇಲೆ ಬೆಳೆದರೆ ಹೆಚ್ಚಾಗಿ ಅದು ಚರ್ಮದ್ದು. ಒಂದು ದಿನದ ಒಳಗೇ ಬೆಳೆದರೆ ನಿಜವಾಗಿ ರಕ್ತದಲ್ಲೇ ಇದೆ ಅನ್ನುವ ಅನುಮಾನ ಜಾಸ್ತಿ. ರೋಗಿಗೆ ಜ್ವರ ಇದೆಯಾ, ಲೈನ್ ಇದೆಯಾ, ಹೃದಯದಲ್ಲಿ ಕೃತಕ ಕವಾಟ ಇದೆಯಾ ಎಲ್ಲ ನೋಡಿ ತೀರ್ಮಾನ ಮಾಡುತ್ತಾರೆ. ಸಾಧುಗಳ ಬಳಗದಲ್ಲೂ ಸ್ಟ್ಯಾಫಿಲೋಕಾಕಸ್ ಲಗ್ಡುನೆನ್ಸಿಸ್ ಅಂತ ಒಬ್ಬ ಒರಟ ಇದ್ದಾನೆ, ಅವನು ಒಂದೇ ಬಾಟಲಿಯಲ್ಲಿ ಸಿಕ್ಕಿದರೂ ಸುಲಭವಾಗಿ ತಳ್ಳಿಹಾಕುವುದಿಲ್ಲ.

ಹಾಗಾಗಿ ‘ರಿಪೋರ್ಟಲ್ಲಿ ಬ್ಯಾಕ್ಟೀರಿಯಾ ಬಂದಿದೆ, ಆದರೂ ಔಷಧಿ ನಿಲ್ಲಿಸಿದರು’ ಅಂತ ಗಾಬರಿ ಬೀಳಬೇಡಿ. ಕಾರಣ ಕೇಳಿ. ಒಂದೇ ಕಡೆ ಚುಚ್ಚಿ ಒಂದೇ ಬಾಟಲಿ ಕಳಿಸಿದ್ದರೆ ಈ ಯಾವ ಲೆಕ್ಕವೂ ಆಗುವುದಿಲ್ಲ, ಕತ್ತಲಲ್ಲಿ ಕಲ್ಲು ಎಸೆದ ಹಾಗೆ.

ರಿಪೋರ್ಟ್ ಬರಲು ಅಷ್ಟು ದಿನ ಯಾಕೆ?

ಬ್ಯಾಕ್ಟೀರಿಯಾ ಬೆಳೆಯಬೇಕಲ್ಲ! ಬಾಟಲಿಯನ್ನು ಮಿಷನ್ನಿನಲ್ಲಿ ಸಾಮಾನ್ಯವಾಗಿ ಐದು ದಿನ ಇಡುತ್ತಾರೆ. ಬೆಳೆದರೆ ಮಿಷನ್ ಕೂಗುತ್ತದೆ. ಮೊದಲು ಬಣ್ಣ ಹಾಕಿ ನೋಡಿ ದುಂಡಗಿದೆಯಾ ಉದ್ದಗಿದೆಯಾ ಹೇಳುತ್ತಾರೆ, ಆಮೇಲೆ ಹೆಸರು, ಯಾವ ಔಷಧಿ ಕೆಲಸ ಮಾಡುತ್ತದೆ ಅನ್ನುವುದಕ್ಕೆ ಇನ್ನೂ ಒಂದೆರಡು ದಿನ. ಅಲ್ಲಿಯವರೆಗೆ ಡಾಕ್ಟರು ಅಂದಾಜಿನ ಮೇಲೆ ಔಷಧಿ ಶುರು ಮಾಡಿರುತ್ತಾರೆ. ಬಿಪಿ ಬಿದ್ದಿದ್ದರೆ ಒಂದು ಗಂಟೆಯೊಳಗೆ ಶುರು ಆಗಬೇಕು.

ಎಲ್ಲಕ್ಕಿಂತ ಪವರ್‌ಫುಲ್ ಆಂಟಿಬಯಾಟಿಕ್ ಹಾಕಿಬಿಡಿ, ದುಡ್ಡಿನ ಚಿಂತೆ ಬೇಡ ಅಂದರೆ?

ಹಸು ಮಾರಿ ತಂದ ದುಡ್ಡನ್ನು ಟೇಬಲ್ ಮೇಲಿಟ್ಟು ಹೀಗೆ ಕೇಳಿದವರನ್ನು ನೋಡಿದ್ದೇನೆ. ಸಂಕಟ ಆಗುತ್ತದೆ. ಆದರೆ ದೋಸೆ ಹಿಟ್ಟಿನ ಕಥೆ ಮೇಲೆ ಓದಿದಿರಲ್ಲ, ದುಬಾರಿಯದ್ದೇ ಕೆಲಸ ಮಾಡಬೇಕು ಅಂತ ಇಲ್ಲ. ಜೊತೆಗೆ ಈ ದೊಡ್ಡ ಔಷಧಿಗಳು ಕರುಳಿನ ಒಳ್ಳೇ ಬ್ಯಾಕ್ಟೀರಿಯಾವನ್ನೆಲ್ಲ ಗುಡಿಸಿ ಹಾಕುತ್ತವೆ, ಖಾಲಿ ಜಾಗಕ್ಕೆ ಯಾವ ಔಷಧಿಗೂ ಬಗ್ಗದ ಜಾತಿಯೋ, ಕ್ಯಾಂಡಿಡಾ ಅನ್ನೋ ಯೀಸ್ಟೋ ಬಂದು ಕೂರುತ್ತವೆ. ಕಲ್ಚರ್ ಬಂದ ಮೇಲೆ ದೊಡ್ಡದನ್ನು ನಿಲ್ಲಿಸಿ ಚಿಕ್ಕದಕ್ಕೆ ಇಳಿಸಿದರೆ ಅದು ಒಳ್ಳೇ ಸುದ್ದಿ, ನಿರ್ಲಕ್ಷ್ಯ ಅಲ್ಲ.

ಇದೆಲ್ಲ ಈಗಿನ ಕಾಯಿಲೆ, ಮೊದಲು ಇರಲಿಲ್ಲ ಅಲ್ವಾ?

ಬ್ಯಾಕ್ಟೀರಿಯಾ ಆಗಲೂ ಇದ್ದವು. ಇಷ್ಟು ಪೈಪು ಹಾಕಿಕೊಂಡು, ಇಷ್ಟು ದಿನ ಬದುಕಿ ಮಲಗಿರುವವರು ಇರಲಿಲ್ಲ.

ಇದಕ್ಕೊಂದು ಕಥೆ ಇದೆ, ನನಗೆ ಬಹಳ ಇಷ್ಟವಾದದ್ದು. 1819ರಲ್ಲಿ ಇಟಲಿಯ ಪಡುವಾ ಊರಿನ ಹತ್ತಿರ ರೈತರ ಮನೆಯ ಜೋಳದ ಮುದ್ದೆ ರಕ್ತದ ಹಾಗೆ ಕೆಂಪಾಗತೊಡಗಿತು. ಅಲ್ಲಿ ಮುಸುಕಿನ ಜೋಳದ ಹಿಟ್ಟನ್ನು ನಮ್ಮ ರಾಗಿ ಮುದ್ದೆಯ ಹಾಗೇ ತೊಳಸುತ್ತಾರೆ. ದೆವ್ವದ ಕಾಟ ಅಂದರು ಜನ. ಬಾರ್ತೊಲೊಮಿಯೊ ಬಿಜಿಯೊ ಅನ್ನೋ ಔಷಧಿ ತಜ್ಞ ಪರೀಕ್ಷೆ ಮಾಡಿ, ಇದು ಬೆಳೆಯುವ ಜೀವಿಯ ಕೆಲಸ ಅಂತ ತೋರಿಸಿ ಸೆರಾಶಿಯಾ ಅಂತ ಹೆಸರಿಟ್ಟ. ಬಣ್ಣ ಚೆನ್ನಾಗಿ ಕಾಣುತ್ತದೆ, ಯಾರಿಗೂ ಏನೂ ಮಾಡುವುದಿಲ್ಲ ಅಂತ ನೂರಕ್ಕೂ ಹೆಚ್ಚು ವರ್ಷ ಎಲ್ಲರೂ ನಂಬಿದ್ದರು. ಎಷ್ಟರ ಮಟ್ಟಿಗೆ ಅಂದರೆ 1950ರ ಸೆಪ್ಟೆಂಬರ್‌ನಲ್ಲಿ ಅಮೆರಿಕದ ನೌಕಾಪಡೆ ಗಾಳಿಯಲ್ಲಿ ರೋಗಾಣು ಹೇಗೆ ಹರಡುತ್ತದೆ ನೋಡೋಣ ಅಂತ ಸ್ಯಾನ್ ಫ್ರಾನ್ಸಿಸ್ಕೊ ನಗರದ ಮೇಲೆ ಹಡಗಿನಿಂದ ಇದನ್ನೇ ಸಿಂಪಡಿಸಿತು. ಜನಕ್ಕೆ ಹೇಳದೆ! ಅದಾದ ಮೇಲೆ ಅಲ್ಲಿನ ಒಂದು ಆಸ್ಪತ್ರೆಯಲ್ಲಿ 11 ರೋಗಿಗಳಿಗೆ ಸೆರಾಶಿಯಾ ಇನ್ಫೆಕ್ಷನ್ ಆಯಿತು, ಒಬ್ಬರು ತೀರಿಕೊಂಡರು. ಸಿಂಪಡಣೆ ವಿಷಯ ಹೊರಬಿದ್ದದ್ದು 1970ರ ದಶಕದಲ್ಲಿ. ಮನೆಯವರು ಕೇಸು ಹಾಕಿದರು, ಗೆಲ್ಲಲಿಲ್ಲ. ಎರಡಕ್ಕೂ ಸಂಬಂಧ ಇದೆ ಅಂತ ಸಾಬೀತಾಗಲಿಲ್ಲ. ಆದರೆ ಸೆರಾಶಿಯಾ ಕಾಯಿಲೆಯವರಿಗೆ ನಿರುಪದ್ರವಿ ಅಂತ ಇವತ್ತು ಯಾವ ಐಸಿಯುನಲ್ಲೂ ಯಾರೂ ಹೇಳುವುದಿಲ್ಲ. ನಿಮ್ಮ ಬಚ್ಚಲಿನ ಮೂಲೆಯಲ್ಲಿ ಗುಲಾಬಿ ಬಣ್ಣದ ಲೋಳೆ ಕಟ್ಟಿದ್ದರೆ ಅದರಲ್ಲೂ ಇದು ಇರಬಹುದು, ಉಜ್ಜಿ ತೊಳೆಯಿರಿ, ಭಯಪಡಬೇಡಿ.

ಭೇದಿ ಆಗುತ್ತಿದೆ. ಮೆಡಿಕಲ್ ಸ್ಟೋರಿನವರು ಒಳ್ಳೇ ಬ್ಯಾಕ್ಟೀರಿಯಾ ಪೌಡರ್ ಕೊಟ್ಟಿದ್ದಾರೆ, ಕೊಡಬಹುದಾ?

ಐಸಿಯುನಲ್ಲಿ ನೀವಾಗಿ ಕೊಡಲೇಬೇಡಿ. ಪಾಕೆಟ್ಟನ್ನು ಹಾಸಿಗೆ ಪಕ್ಕ ಹರಿಯಲೂ ಬೇಡಿ. ಸ್ಯಾಕರೊಮೈಸಿಸ್ ಬೌಲಾರ್ಡಿ ಅನ್ನೋ ಯೀಸ್ಟಿನ ಪೌಡರ್ ಬರುತ್ತದೆ. ಹರಿದಾಗ ಧೂಳು ಹಾರುತ್ತದೆ, ಕೈಗೆ ಅಂಟುತ್ತದೆ, ಅಲ್ಲಿಂದ ಲೈನಿಗೆ, ಲೈನಿನಿಂದ ರಕ್ತಕ್ಕೆ. ಪೌಡರ್ ಕುಡಿಯದ ಪಕ್ಕದ ಹಾಸಿಗೆಯವರಿಗೂ ಹೀಗೆ ಬಂದದ್ದುಂಟು. 2017ರಲ್ಲಿ ಯುರೋಪಿನ ಔಷಧಿ ನಿಯಂತ್ರಣ ಸಂಸ್ಥೆ ಇದನ್ನು ತೀವ್ರ ಕಾಯಿಲೆಯವರಿಗೆ, ರೋಗನಿರೋಧಕ ಶಕ್ತಿ ಇಲ್ಲದವರಿಗೆ ಕೊಡಬಾರದು ಅಂದಿತು. ಬ್ಯಾಕ್ಟೀರಿಯಾ ಕ್ಯಾಪ್ಸೂಲಿನದೂ ಇದೇ ಕಥೆ. 2019ರಲ್ಲಿ ಅಮೆರಿಕದ ಬಾಸ್ಟನ್ನಿನ ಮಕ್ಕಳ ಆಸ್ಪತ್ರೆಯವರು ಐಸಿಯು ರೋಗಿಗಳ ರಕ್ತದಲ್ಲಿ ಸಿಕ್ಕ ಲ್ಯಾಕ್ಟೋಬ್ಯಾಸಿಲಸ್ಸಿನ ಜೀನ್ ಓದಿ ನೋಡಿದರೆ, ಅದು ಅವರಿಗೇ ಕೊಟ್ಟ ಕ್ಯಾಪ್ಸೂಲಿನಿಂದ ಬಂದದ್ದು ಅಂತ ತಿಳಿಯಿತು.

ಮನೆಯಲ್ಲಿರುವ ಗಟ್ಟಿಮುಟ್ಟಾದವರ ಭೇದಿಗೆ ಈ ಭಯ ಬೇಡ. ಅವಧಿಗೆ ಮುಂಚೆ ಹುಟ್ಟಿದ ಕೂಸುಗಳಿಗೆ ಮಾತ್ರ ಡಾಕ್ಟರು ಹೇಳದೆ ಒಂದು ಹನಿಯೂ ಬೇಡ.

ಅಂತರಗಂಗೆ ತೀರ್ಥ ತಂದಿದ್ದೇವೆ.

ನನಗೂ ಭಕ್ತಿ ಇದೆ. ನಮ್ಮ ಕೋಲಾರದ ಬೆಟ್ಟದಲ್ಲಿ ಕಲ್ಲಿನ ಬಸವನ ಬಾಯಿಂದ ಬರುವ ಆ ನೀರನ್ನು ನಾನೂ ಕುಡಿದು ಬೆಳೆದವಳು. ಆದರೆ ಬೆಟ್ಟದ ನೀರಿನಲ್ಲಿ ಬ್ಯಾಕ್ಟೀರಿಯಾ ಇರುತ್ತವೆ, ವೆಂಟಿಲೇಟರ್ ಹಾಕಿದವರ ಬಾಯಿಗೆ ಹಾಕಿದರೆ ಅದು ಶ್ವಾಸಕೋಶಕ್ಕೆ ಇಳಿಯಬಹುದು. ಬಾಟಲಿ ಹಾಗೇ ಮುಚ್ಚಿ ಹೊರಗೆ ನಿಮ್ಮ ಹತ್ತಿರವೇ ಇರಲಿ. ವಿಭೂತಿ, ಕುಂಕುಮ ಹಣೆಗೆ ಒಂದು ಚಿಟಿಕೆ ಇಡಿ, ಕುತ್ತಿಗೆಯ ಲೈನ್ ಮೇಲೆ ಅಂಟಿಸಿದ ಪಟ್ಟಿಯ ಹತ್ತಿರ ಉದುರಿಸಬೇಡಿ. ಹೂವು ಬೇಡ. ತಾಯತ ಕಟ್ಟಬೇಕಾದರೆ ಲೈನ್ ಇಲ್ಲದ ಕೈಗೆ, ನನಗೆ ಹೇಳಿ, ನಾನೇ ಕಟ್ಟುತ್ತೇನೆ.

ನಮ್ಮ ಕೈಲಿ ಏನಾದರೂ ಮಾಡಲು ಆಗುತ್ತದಾ? ಸುಮ್ನೆ ಕೂತಿರಲು ಆಗಲ್ಲ.

ಆಗುತ್ತದೆ. ಒಳಗೆ ಬರುವಾಗಲೂ ಹೋಗುವಾಗಲೂ ಬಾಗಿಲಲ್ಲಿರುವ ಸ್ಯಾನಿಟೈಸರ್‌ನಿಂದ ಕೈ ಉಜ್ಜಿ, 20ರಿಂದ 30 ಸೆಕೆಂಡು, ಉಗುರುಸಂದಿ ಸಮೇತ. ಉಂಗುರ, ಬಳೆ ತೆಗೆದು ಬಂದರೆ ಇನ್ನೂ ಒಳ್ಳೇದು. ಡ್ರಿಪ್ ಖಾಲಿಯಾಯಿತು ಅಂತ ನೀವೇ ತಿರುಗಿಸಬೇಡಿ. ಪಟ್ಟಿ ಒದ್ದೆಯಾಗಿದ್ದರೆ, ಅಂಚು ಬಿಟ್ಟುಕೊಂಡಿದ್ದರೆ ಕೂಗಿ ಹೇಳಿ. ನಮ್ಮ ಕಣ್ಣಿಗೆ ಬೀಳದ್ದು ನಿಮ್ಮ ಕಣ್ಣಿಗೆ ಬೀಳುತ್ತದೆ, ನೀವು ಒಬ್ಬರನ್ನೇ ನೋಡುತ್ತಿರುತ್ತೀರಲ್ಲ.

ಇನ್ನೊಂದು, ದಿನಾ ಒಂದು ಸಲ ಕೇಳಿ: ‘ಈ ಲೈನ್ ಇವತ್ತೂ ಬೇಕಾ? ಮೂತ್ರದ ಪೈಪು ಇನ್ನೂ ಬೇಕಾ?’ ಒಂದು ದಿನ ಕಡಿಮೆ ಇದ್ದರೆ ಒಂದು ದಿನದ ಅಪಾಯ ಕಡಿಮೆ. ಮಿಶಿಗನ್ನಿನ ಐದನೇ ಅಂಶ ಇದೇ, ನಾವು ಮರೆಯುವುದೂ ಇದನ್ನೇ. ಬಿಪಿ ಏರಿಸುವ ಔಷಧಿ ನಿಂತು ಮೂರು ದಿನವಾದರೂ ಲೈನ್ ಹಾಗೇ ಇರುವುದನ್ನು ನೋಡಿದ್ದೇನೆ. ‘ಇರಲಿ, ಬೇಕಾಗಬಹುದು’ ಅಂತ.

ನಮಗೂ, ಮಕ್ಕಳಿಗೂ ಅಂಟುತ್ತದಾ?

ಇಲ್ಲ. ಗಟ್ಟಿಮುಟ್ಟಾದವರಿಗೆ ಸಾಮಾನ್ಯವಾಗಿ ಏನೂ ಆಗುವುದಿಲ್ಲ, ಇವುಗಳಲ್ಲಿ ಬಹಳಷ್ಟು ನಿಮ್ಮ ಮೈಮೇಲೆ ಮೊದಲೇ ಇವೆಯಲ್ಲ.

ಬದುಕುತ್ತಾರಾ?

ಬ್ಯಾಕ್ಟೀರಿಯಾ ಹೆಸರು ನೋಡಿ ಇದನ್ನು ಹೇಳಲಾಗುವುದಿಲ್ಲ. ಬರೀ ಲೈನಿನ ಎಪಿಡರ್ಮಿಡಿಸ್ ಆದರೆ, ಲೈನ್ ತೆಗೆದು ಐದರಿಂದ ಏಳು ದಿನ ಔಷಧಿ ಕೊಟ್ಟರೆ ಬಹಳ ಜನ ಸುಧಾರಿಸುತ್ತಾರೆ. ಅದೇ ಹೃದಯದ ಕವಾಟಕ್ಕೆ ಹತ್ತಿದ್ದರೆ ವಾರಗಟ್ಟಲೆ ಹಿಡಿಯುತ್ತದೆ. ಮೂಲ ಕಾಯಿಲೆ ಎಷ್ಟು ದೊಡ್ಡದು ಅನ್ನುವುದರ ಮೇಲೆಯೇ ಹೆಚ್ಚು ನಿಂತಿರುತ್ತದೆ.

ಡಯಾಲಿಸಿಸ್ ಲೈನ್ ಇಟ್ಟುಕೊಂಡೇ ಮನೆಗೆ ಕಳಿಸಿದ್ದಾರೆ. ಏನು ನೋಡಿಕೊಳ್ಳಬೇಕು?

ಪಟ್ಟಿ ಒದ್ದೆ ಆಗಬಾರದು. ತಲೆಗೆ ನೀರು ಸುರಿದುಕೊಳ್ಳಬೇಡಿ, ಬೋರ್‌ವೆಲ್ ನೀರಿರಲಿ ಟ್ಯಾಂಕರ್ ನೀರಿರಲಿ ಒಂದೇ. ಸೊಂಟದ ಕೆಳಗೆ ಸ್ನಾನ, ಮೇಲೆ ಒದ್ದೆ ಬಟ್ಟೆಯಲ್ಲಿ ಒರೆಸಿಕೊಳ್ಳಿ. ಆ ಲೈನಿನಿಂದ ಬೇರೆ ಯಾರಿಗೂ ರಕ್ತ ತೆಗೆಯಲು, ಗ್ಲೂಕೋಸ್ ಹಾಕಲು ಬಿಡಬೇಡಿ, ಊರಿನ ಕ್ಲಿನಿಕ್ಕಿನವರು ಎಷ್ಟೇ ಪರಿಚಯ ಇದ್ದರೂ. ಡಯಾಲಿಸಿಸ್ ಶುರುವಾದ ಮೇಲೆ ಮೈ ನಡುಗಿ ಚಳಿ ಬಂದರೆ, ಇಲ್ಲಾ ಮನೆಯಲ್ಲಿ ಜ್ವರ ಬಂದರೆ ಡೋಲೋ ನುಂಗಿ ಬೆಳಗಿನವರೆಗೆ ಕಾಯಬೇಡಿ. ಅವತ್ತೇ ಬನ್ನಿ. ಬಿಪಿ ಇಳಿದು ಎಚ್ಚರ ತಪ್ಪುವಂತಿದ್ದರೆ 108ಕ್ಕೆ ಫೋನ್ ಮಾಡಿ. ಕೈಯಲ್ಲಿ ಫಿಸ್ಟುಲಾ, ಅಂದರೆ ಡಯಾಲಿಸಿಸ್‌ಗೆಂದು ಕೈಯ ರಕ್ತನಾಳಗಳನ್ನೇ ಜೋಡಿಸುವ ಆಪರೇಷನ್, ಮಾಡಿಸಿಕೊಳ್ಳಿ ಅಂದಾಗ ಮುಂದೂಡಬೇಡಿ. ಪ್ಲಾಸ್ಟಿಕ್ ಇಲ್ಲದಿದ್ದರೆ ಪಾಚಿ ಕಟ್ಟಲು ಜಾಗವೇ ಕಡಿಮೆ.

ಬೆಂಗಳೂರಿಗೆ ಕರೆದುಕೊಂಡು ಹೋಗಬೇಕಾ?

ಕೆಲವರಿಗೆ ಬೇಕಾಗುತ್ತದೆ. ಹೋಗುವುದಾದರೆ ಡಿಸ್ಚಾರ್ಜ್ ಸಮ್ಮರಿಯಲ್ಲಿ ಲೈನ್ ಹಾಕಿದ ತಾರೀಖು, ಯಾವ ಆಂಟಿಬಯಾಟಿಕ್ ಎಷ್ಟು ಹೊತ್ತಿಗೆ ಶುರುವಾಯಿತು, ಕಲ್ಚರ್ ಯಾವಾಗ ಕಳಿಸಿದರು ಬರೆದಿದೆಯಾ ನೋಡಿ. ನೀವು ಹೊರಟ ಮೇಲೂ ಇಲ್ಲಿನ ಲ್ಯಾಬಿನಲ್ಲಿ ಬಾಟಲಿ ಬೆಳೆಯುತ್ತಲೇ ಇರುತ್ತದೆ. ಲ್ಯಾಬಿನ ಫೋನ್ ನಂಬರ್ ಬರೆದುಕೊಳ್ಳಿ, ಮಾರನೇ ದಿನ ನೀವೇ ಫೋನ್ ಮಾಡಿ ಕೇಳಿ. ಅಲ್ಲಿ ಔಷಧಿ ಶುರುವಾದ ಮೇಲೆ ತೆಗೆದ ರಕ್ತದಲ್ಲಿ ಏನೂ ಬೆಳೆಯದೆ ಇರಬಹುದು, ಆಗ ಇಲ್ಲಿನ ಬಾಟಲಿಯೇ ಗತಿ. ಈ ಒಂದು ಫೋನ್ ಮಾಡದೆ ಎಷ್ಟೋ ಜನ ನಾಲ್ಕು ದಿನ ತಪ್ಪು ಔಷಧಿಯಲ್ಲಿ ಕಳೆದಿದ್ದಾರೆ.

ಇಷ್ಟೆಲ್ಲ ಕೇಳಿದರೆ ಸಿಸ್ಟರ್ ಬೈಯಲ್ವಾ?

ಬೈಯಬಹುದು, ನಾನೂ ಬೈದಿದ್ದೇನೆ. ಬೆಳಗ್ಗೆ ಎಂಟರ ಹೊತ್ತಿಗೆ ಪಾಳಿ ಬದಲಾಗುತ್ತಿರುತ್ತದೆ, ಆಗ ಬೇಡ. ರೌಂಡ್ಸ್ ಮುಗಿದ ಮೇಲೆ, ಹನ್ನೊಂದೂವರೆ ಹೊತ್ತಿಗೆ ಬನ್ನಿ. ಆಗ ಒಂದು ಲೋಟ ಟೀ ಕುಡಿಯುತ್ತಾ ಐದು ನಿಮಿಷ ನಿಂತಿರುತ್ತೇನೆ.